ಕಡಲ ರಕ್ಷಕರಿಗಾಗಿ ಹಣ ಕೂಡಿಸಲು ಈಜುವುದಾ, ಸೈಕಲ್ ತುಳಿಯುವುದಾ?

ಮಲ್ಪೆ ಕಡೆ ನೀರಿಗೆ ಬಿದ್ದವರನ್ನು ಎತ್ತುವ ಸ್ವಯಂಸೇವಕರಿಗೆ ಹಣ ಕೂಡಿಸಬೇಕು, ಯಾವ ದಾರಿ ಒಳ್ಳೆಯದು ಅಂತ ಕೇಳಿದ್ದೀರಿ.

ಮೊದಲು ಖರ್ಚು. ಮಂಗಳೂರಿನಿಂದ ಉಡುಪಿಗೆ ಹೆದ್ದಾರಿ 66ರಲ್ಲಿ ಸುಮಾರು 55 ಕಿ.ಮೀ. ಸೈಕಲ್ ಇದ್ದರೆ ಪಂಕ್ಚರ್ ಸಾಮಾನು, ನೀರು, ಅಷ್ಟೇ. ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು ಅಂತ ಊರೂರಲ್ಲಿ ನಿಂತು ಡಬ್ಬಿಯನ್ನೂ ಹಿಡಿಯಬಹುದು. ಈಜಿಗೆ ಪಕ್ಕದಲ್ಲಿ ದೋಣಿ ಬೇಕು, ಡೀಸೆಲ್ ಬೇಕು, ಕರಾವಳಿ ಕಾವಲು ಪೊಲೀಸರಿಗೆ ಮೊದಲೇ ತಿಳಿಸಬೇಕು. ಕೂಡಿದ ಹಣ ದೋಣಿಗೇ ಹೋದರೆ ಏನು ಬಂತು?

ಆದರೆ ಜನರ ಮನಸ್ಸು ತಟ್ಟುವುದು ಈಜೇ. ಒದ್ದೆ ಹಗ್ಗ ಎಳೆದೆಳೆದು ಆ ಸ್ವಯಂಸೇವಕರ ಅಂಗೈ ಸುಲಿದು, ಅದಕ್ಕೆ ಉಪ್ಪುನೀರು ತಾಗಿದಾಗ ಹೇಗೆ ಉರಿಯುತ್ತದೆ ಅಂತ, ನೀವು ಕಡಲಲ್ಲಿ ಈಜುವುದನ್ನು ನೋಡಿದಾಗ ದಡದಲ್ಲಿ ನಿಂತವರಿಗೆ ಗೊತ್ತಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಈಜು ಬೇಡವೇ ಬೇಡ. ನಿಮ್ಮನ್ನು ಎತ್ತಲು ಅವರೇ ಅಲೆಗೆ ಇಳಿಯುವಂತಾಗಬಾರದು, ಅಲ್ವಾ?

ಕಡಲಲ್ಲಿ ಪಳಗಿದ್ದೀರಿ, ಗೊತ್ತಿರುವವರ ದೋಣಿ ಸಿಗುತ್ತದೆ ಅಂದರೆ ಡಿಸೆಂಬರ್‌ ಹೊತ್ತಿಗೆ ಈಜಿ. ಕೊಳದಲ್ಲಷ್ಟೇ ಈಜಿದ್ದರೆ, ಅಥವಾ ಮಳೆ ಹಿಡಿಯುವ ಮೊದಲೇ ಲೈಫ್ ಜಾಕೆಟ್‌ಗೆ ಹಣ ಬೇಕಿದ್ದರೆ ಸೈಕಲ್. ಬೆಳಗ್ಗೆ 5ಕ್ಕೇ ಹೊರಡಿ, ಬಿಸಿಲು ಏರಿದರೆ ಕಷ್ಟ.