ಹ್ಯಾಂಗ್ ಆಗುವ ಕಂಪ್ಯೂಟರಿನಲ್ಲಿ ಫೋಟೋಗಳನ್ನು ಕಾಪಿ ಮಾಡಬೇಡಿ

ಮನೆಯಲ್ಲೇ ಜೋಡಿಸಿದ ಡೆಸ್ಕ್‌ಟಾಪ್ ಆಗಾಗ ಹ್ಯಾಂಗ್ ಆಗುತ್ತಿದ್ದರೆ, ಯಾವುದೇ ಭಾಗವನ್ನು ಬದಲಿಸುವ ಮೊದಲು, ಅದಕ್ಕಿಂತ ಮುಖ್ಯವಾಗಿ ಒಂದೇ ಒಂದು ಫೈಲನ್ನು ಬೇರೆಡೆಗೆ ಸಾಗಿಸುವ ಮೊದಲು, ದಯವಿಟ್ಟು ರ‍್ಯಾಮ್ (ಕೆಲಸ ನಡೆಯುವಾಗ ಮಾಹಿತಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿ) ಪರೀಕ್ಷಿಸಿಕೊಳ್ಳಿ. ನಾನು ಹಾಗೆ ಮಾಡದೆ ಮನೆಯ ಫೋಟೋಗಳನ್ನು ಕಳೆದುಕೊಂಡೆ.

ನನ್ನ ರೈಝೆನ್ 5 5600ಜಿ ಪ್ರೊಸೆಸರಿನ ಯಂತ್ರ 8 ಜಿಬಿಯ ಒಂದೇ ಡಿಡಿಆರ್4 ರ‍್ಯಾಮಿನಲ್ಲಿ ಒಂದೂವರೆ ವರ್ಷ ತೊಂದರೆಯಿಲ್ಲದೆ ನಡೆದಿತ್ತು. ಆಮೇಲೆ ಅದೇ 3200ರ ವೇಗದ, ಆದರೆ ಬೇರೆ ಕಂಪನಿಯ ಇನ್ನೊಂದು 8 ಜಿಬಿ ಸೇರಿಸಿದೆ. ವಿಂಡೋಸ್ 16 ಜಿಬಿ ಎಂದು ತೋರಿಸಿದ್ದರಿಂದ ಎಲ್ಲವೂ ಸರಿಯಿದೆ ಎಂದುಕೊಂಡೆ. ಹತ್ತು ದಿನಗಳಲ್ಲಿ ಕಾಟ ಶುರುವಾಯಿತು: ಮೌಸ್ ಬಾಣ ಇದ್ದಲ್ಲೇ ನಿಲ್ಲುತ್ತಿತ್ತು, ಕೇಳುತ್ತಿದ್ದ ಹಾಡು ಒಂದೇ ಸಮನೆ ಗುಂಯ್‌ಗುಡುತ್ತಿತ್ತು, ಕ್ಯಾಪ್ಸ್ ಲಾಕ್ ಒತ್ತಿದರೆ ದೀಪ ಹತ್ತುತ್ತಿರಲಿಲ್ಲ. ಪವರ್ ಬಟನ್ ಒತ್ತಿ ಹಿಡಿಯದೆ ಬೇರೆ ದಾರಿಯಿರಲಿಲ್ಲ.

ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ಪ್ರತಿ ಬಾರಿಯೂ 'ಕರ್ನೆಲ್-ಪವರ್ 41' ಎಂದು ದಾಖಲಾಗಿತ್ತು. ಯಂತ್ರ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಎನ್ನುವುದಷ್ಟೇ ಅದರ ಅರ್ಥ. ಬಟನ್ ಒತ್ತಿ ಹಿಡಿದು ಆರಿಸಿದರೂ ಅದೇ ಬರುತ್ತದೆ. 'ಪವರ್' ಎಂಬ ಪದವನ್ನು ನಂಬಿ, ಅಂಗಡಿಯವರೂ ಹೌದೆಂದಿದ್ದರಿಂದ, ಹೊಸ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಪೂರೈಸುವ ಪೆಟ್ಟಿಗೆ) ಕೊಂಡೆ. ಮೂರನೆಯ ದಿನ ಮತ್ತೆ ಅದೇ ಪಾಡು.

ನಿಜವಾದ ತಪ್ಪು ಮಾಡಿದ್ದು ಆಮೇಲೆ. ವಿಂಡೋಸ್ ಕೆಟ್ಟಿರಬೇಕೆಂದು, ಹಳೆಯ ಹಾರ್ಡ್ ಡಿಸ್ಕ್‌ನ ಫೋಟೋಗಳನ್ನೆಲ್ಲ ಹೊಸ ಎಸ್‌ಎಸ್‌ಡಿಗೆ ಕಾಪಿ ಮಾಡಿ, ಹಳೆಯದನ್ನು ಫಾರ್ಮ್ಯಾಟ್ ಮಾಡಿದೆ. ಕಾಪಿಯಾಗುವ ಪ್ರತಿ ಫೈಲೂ ರ‍್ಯಾಮ್ ಮೂಲಕವೇ ಹಾದುಹೋಗುತ್ತದೆ. ಅಲ್ಲಿ ಒಂದು ಬಿಟ್ ತಿರುಗಿದರೆ, ಅಂದರೆ 0 ಇದ್ದದ್ದು 1 ಅಥವಾ 1 ಇದ್ದದ್ದು 0 ಆದರೆ, ಕೆಟ್ಟ ಪ್ರತಿಯೇ ಬರೆಯಲ್ಪಡುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಕೆಲವು ವಾರಗಳ ನಂತರ ಮಗಳ ನಾಮಕರಣದ ಚಿತ್ರ ತೆರೆದರೆ, ತೊಟ್ಟಿಲ ಮೇಲೆ ಬಾಗಿದ್ದ ಅಮ್ಮನ ಮುಖ ಮೂಗಿನವರೆಗೆ ಮಾತ್ರ ಕಾಣುತ್ತಿತ್ತು, ಕೆಳಗೆಲ್ಲ ಬೂದು ಬಣ್ಣ. ಹೀಗೆ ಕೆಟ್ಟರೂ ಫೈಲಿನ ಗಾತ್ರ ಒಂದು ಬೈಟೂ ಬದಲಾಗುವುದಿಲ್ಲ.

ಕೊನೆಗೆ ಪೆನ್‌ಡ್ರೈವ್‌ನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ಓಡಿಸಿದಾಗ ಇಪ್ಪತ್ತು ನಿಮಿಷಗಳಲ್ಲಿ ದೋಷ ತೋರಿಸುವ ಕೆಂಪು ಸಾಲುಗಳು ಕಾಣಿಸಿಕೊಂಡವು. ಒಂದೊಂದೇ ರ‍್ಯಾಮ್ ಹಾಕಿ ನೋಡಿದರೆ ನಾಲ್ಕು ಸುತ್ತಿನಲ್ಲೂ ಒಂದು ದೋಷವಿಲ್ಲ. ಎರಡನ್ನೂ ಹಾಕಿ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಮೇಲೆ ಬರೆದಿರುವ ಪೂರ್ಣ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿದರೆ ದೋಷ, ಆಫ್ ಮಾಡಿದರೆ ಮಾಯ. ಬೇರೆ ಬೇರೆಯಾಗಿ ಕೊಂಡ ರ‍್ಯಾಮ್‌ಗಳು ಆ ವೇಗದಲ್ಲಿ ಒಟ್ಟಿಗೆ ನಡೆಯುತ್ತವೆಂಬ ಖಾತರಿಯಿಲ್ಲ. ಹಾಗಾಗಿ ಅಂಗಡಿಯಲ್ಲಿ ಬಿಡಿಯಾಗಿ ಪರೀಕ್ಷಿಸಿ "ಎರಡೂ ಚೆನ್ನಾಗಿವೆ" ಎಂದರೆ ಅಲ್ಲಿಗೇ ಬಿಡಬೇಡಿ. ಜೊತೆಯಾಗಿ ಮಾರುವ ಕಿಟ್ಟನ್ನೇ ಕೊಳ್ಳಿ, ಒಂದು ರಾತ್ರಿಯಿಡೀ ಪರೀಕ್ಷೆ ನಡೆಯಲು ಬಿಡಿ. ಅದರಲ್ಲಿ ಪಾಸಾದರೆ ಮಾತ್ರ ಎಸ್‌ಎಸ್‌ಡಿ, ಬಿಸಿ, ಎಸ್‌ಎಂಪಿಎಸ್‌ಗಳ ಕಡೆ ನೋಡಿ. ಹಳೆಯ ಡಿಸ್ಕನ್ನು ಅಲ್ಲಿಯವರೆಗೆ ಮುಟ್ಟಬೇಡಿ. ಕಾಪಿ ಸರಿಯಿದೆಯೇ ಎಂದು ಚೆಕ್‌ಸಮ್ (ಫೈಲಿನೊಳಗಿನ ಮಾಹಿತಿಯಿಂದ ಲೆಕ್ಕಹಾಕುವ ಗುರುತಿನ ಸಂಖ್ಯೆ) ಹೋಲಿಸುವುದಿದ್ದರೆ ಅದನ್ನೂ ಬೇರೆ ಕಂಪ್ಯೂಟರಿನಲ್ಲಿ ಮಾಡಿ.

ನಾನು ಫಾರ್ಮ್ಯಾಟ್ ಮಾಡಿದ ಡಿಸ್ಕ್‌ಗೆ ಅಷ್ಟರಲ್ಲಿ ಹೊಸ ಫೈಲುಗಳನ್ನು ತುಂಬಿಸಿದ್ದರಿಂದ ರಿಕವರಿ ತಂತ್ರಾಂಶಕ್ಕೆ ಕೆಲವು ಫೋಟೋಗಳಷ್ಟೇ ಸಿಕ್ಕವು. ನಾಮಕರಣದ ಚಿತ್ರ ಅವುಗಳಲ್ಲಿರಲಿಲ್ಲ.