ಅಫ್ಘಾನ್ ಕಾರ್ಪೆಟ್ ಅಸಲಿ, ವಯಸ್ಸು ಮಾತ್ರ ನಕಲಿ: ತಗೊಳ್ಳುವ ಮೊದಲು ಓದಿ

ಗಲ್ಫ್‌ನಲ್ಲಿರುವವರು, ಇಲ್ಲಿಂದ ಊರಿಗೆ ಕಾರ್ಪೆಟ್ ಒಯ್ಯುವ ಯೋಚನೆಯಲ್ಲಿರುವವರು ದಯವಿಟ್ಟು ಇದನ್ನು ಓದಿ. ಪ್ಲಾಸ್ಟಿಕ್ ನೂಲಿನ ಮೆಷಿನ್ ಕಾರ್ಪೆಟ್ಟನ್ನು ಕೈಯಲ್ಲಿ ನೇಯ್ದದ್ದು ಅಂತ ಮಾರುವ ಮೋಸ ಎಲ್ಲರಿಗೂ ಗೊತ್ತು. ನಾನು ಹೇಳುತ್ತಿರುವುದು ಬೇರೆ. ಇಲ್ಲಿ ಕಾರ್ಪೆಟ್ ನಿಜವಾಗಿಯೂ ಅಫ್ಘಾನಿಸ್ತಾನದ್ದು, ಗಂಟು ಹಾಕಿದ್ದೂ ಕೈಯಲ್ಲೇ. ಸುಳ್ಳು ಇದ್ದದ್ದು ವಯಸ್ಸಿನಲ್ಲಿ.

ನಾನೂ ನಮ್ಮನೆಯವರೂ ಶಾರ್ಜಾದ ಒಂದು ಅಂಗಡಿಯಲ್ಲಿ 4 ಅಡಿ ಅಗಲ, 6 ಅಡಿ ಉದ್ದದ ಕೆಂಪು ಕಾರ್ಪೆಟ್ ತಗೊಂಡೆವು. ಎಂಟು ಮೂಲೆಯ ದೊಡ್ಡ ದೊಡ್ಡ ಹೂಗಳ ಸಾಲು, ತುರ್ಕ್‌ಮನ್ ಜನರ ವಿನ್ಯಾಸ. ವ್ಯಾಪಾರಿಗಳು ಇದನ್ನು ಆನೆಹೆಜ್ಜೆ ಅಂತ ಕರೆಯುತ್ತಾರೆ. "80 ವರ್ಷ ಹಳೆಯದು, ಬೇರು-ಸಿಪ್ಪೆಯಿಂದ ತೆಗೆದ ಬಣ್ಣ, ಕಾಬೂಲ್ ಬಿಟ್ಟು ಬಂದ ಮನೆಯವರು ಅಳುತ್ತಾ ಮಾರಿ ಹೋದರು" ಅಂದರು. 9,000 ದಿರ್ಹಮ್‌ನಿಂದ ಶುರುವಾಗಿ 5,000ಕ್ಕೆ ಇಳಿಯಿತು.

ಪರೀಕ್ಷೆಗಳನ್ನೆಲ್ಲ ಅಂಗಡಿಯವರೇ ಮಾಡಿ ತೋರಿಸಿದರು, ನಾವು ಕೇಳುವ ಮೊದಲೇ. ಬೆನ್ನು ತಿರುಗಿಸಿ ಒಂದೊಂದು ಗಂಟನ್ನೂ ತೋರಿಸಿದರು. ತುದಿಯ ಕುಚ್ಚು ಆಮೇಲೆ ಹೊಲಿದದ್ದಲ್ಲ, ಮಗ್ಗಕ್ಕೆ ಉದ್ದುದ್ದ ಹೂಡುವ ಹಾಸುನೂಲೇ ಹೊರಗೆ ಬಂದದ್ದು ಅಂದರು. ಒಂದು ಎಳೆ ಕಿತ್ತು ಲೈಟರ್ ಹಿಡಿದರು, ಕೂದಲು ಸುಟ್ಟ ವಾಸನೆ ಬಂತು. ಉಣ್ಣೆ ಅನ್ನೋದು ಖಚಿತ. ಇವೆಲ್ಲ ನಿಜವೇ. ಆದರೆ ಇದರಲ್ಲಿ ಯಾವ ಪರೀಕ್ಷೆಯೂ ಕಾರ್ಪೆಟ್‌ಗೆ ಎಷ್ಟು ವರ್ಷ ಅಂತ ಹೇಳುವುದಿಲ್ಲ. ಮೂರು ನಿಜ ತೋರಿಸಿ, ಆ ನಂಬಿಕೆಯ ಮೇಲೆ ನಾಲ್ಕನೆಯದಾಗಿ ಒಂದು ಸುಳ್ಳು ಇಡುವುದೇ ಇವರ ಕೈಚಳಕ.

ಮನೆಯಲ್ಲಿ ವ್ಯಾಕ್ಯೂಮ್ ಹಾಕಿದಾಗಲೆಲ್ಲ ಕೆಂಪು ಉಣ್ಣೆಯ ಪುಡಿ ಬರುತ್ತಿತ್ತು. ಹೊಸ ಕಾರ್ಪೆಟ್ ಸ್ವಲ್ಪ ಕಾಲ ಉದುರಿಸುತ್ತದೆ, ಸರಿ. 80 ವರ್ಷದ್ದು ಯಾಕೆ ಉದುರಿಸಬೇಕು? ಆಮೇಲೆ ಮನೆ ಬದಲಿಸುವಾಗ ಅದನ್ನು ಮಡಚಿದೆವು. ಚಟಚಟ ಅಂತ ಸದ್ದು. ಬಿಚ್ಚಿ ನೋಡಿದರೆ ಮಡಿಕೆಯುದ್ದಕ್ಕೂ ಸೀಳು.

ರಿಪೇರಿಗೆ ಒಯ್ದಾಗ ಸಿಕ್ಕವರು ಉತ್ತರ ಅಫ್ಘಾನಿಸ್ತಾನದ ಅಖ್ಚಾ ಕಡೆಯ ಒಬ್ಬ ಹಿರಿಯರು. ಅಖ್ಚಾ, ಅಂದ್‌ಖೋಯ್ ಅಂದ್ರೆ ತುರ್ಕ್‌ಮನ್ ಕಾರ್ಪೆಟ್ಟಿನ ತವರು. ಅವರು ಬೆನ್ನಿನ ಮೇಲೆ ಒಮ್ಮೆ ಕೈಯಾಡಿಸಿ, ಉರ್ದುವಿನಲ್ಲಿ ಕೇಳಿದರು:

"ಬಾಜಿ, ನಿಮ್ಮ ಮಗಳಿಗೆ ಎಷ್ಟು ವಯಸ್ಸು?"

"ಹನ್ನೊಂದು."

"ಹಾಗಾದರೆ ಅವಳು ಇದಕ್ಕೆ ಅಕ್ಕ ಆಗಬೇಕು."

ಇದನ್ನು ಹೇಗೆ ಮಾಡುತ್ತಾರೆ ಅಂತ ಅವರೇ ವಿವರಿಸಿದರು. ಮಗ್ಗದಿಂದ ಇಳಿದ ಕಾರ್ಪೆಟ್ಟಿನ ಕೆಂಪು ಗಾಢವಾಗಿರುತ್ತದೆ. ಅದನ್ನು ಕ್ಲೋರಿನ್ ನೀರಿನಲ್ಲಿ ತೊಳೆದು ಬಣ್ಣ ಇಳಿಸುತ್ತಾರೆ. ಬಿಳಿ ಹಾಸುನೂಲು ಹಳೆಯದಾಗಿ ಕಾಣಲಿ ಅಂತ ಚಹಾದಂಥ ಕಂದು ನೀರು ಕುಡಿಸುತ್ತಾರೆ. ಸುಡುಬಿಸಿಲಿನಲ್ಲಿ ಹಾಕುತ್ತಾರೆ. ರಸ್ತೆಯಲ್ಲಿ ಹಾಸಿ, ಕಾರುಗಳು ಹರಿಯಲಿ ಅಂತ ಬಿಡುವುದೂ ಉಂಟು. ಕೆಲವು ಕಡೆ ಬ್ಲೇಡಿನಿಂದ ಎಳೆ ಕೆರೆದು "ಸವೆತ" ತರುತ್ತಾರೆ. ಉಣ್ಣೆಗೆ ಕ್ಲೋರಿನ್ ಅಂದರೆ ವಿಷ. ಹೊರಪದರ ಕಳೆದುಕೊಂಡ ಎಳೆ ಮೊದಲು ರೇಷ್ಮೆಯಂತೆ ಹೊಳೆಯುತ್ತದೆ, ಆಮೇಲೆ ಪುಡಿಯಾಗಿ ಉದುರುತ್ತದೆ. ನಾವು ಆ ಹೊಳಪನ್ನೇ ಮೆಚ್ಚಿಕೊಂಡಿದ್ದೆವು! ಈ ವಿದ್ಯೆ ಹೊಸತೂ ಅಲ್ಲ. 1970ರ ದಶಕದಲ್ಲಿ ಯುರೋಪಿನವರಿಗೆ ಚಿನ್ನದ ಬಣ್ಣ ಬೇಕು ಅಂತ ಕೆಂಪು ಅಫ್ಘಾನ್ ಕಾರ್ಪೆಟ್‌ಗಳನ್ನೇ ಬ್ಲೀಚ್ ಮಾಡಿ "ಗೋಲ್ಡನ್ ಅಫ್ಘಾನ್" ಅಂತ ಮಾರಿದರು.

ನಮ್ಮ ಕಾರ್ಪೆಟ್ಟಿನಲ್ಲೇ ಅವರು ಗುರುತುಗಳನ್ನು ತೋರಿಸಿದರು. ಎಳೆಗಳನ್ನು ಬೆರಳಿನಿಂದ ಬಿಡಿಸಿ ಬುಡ ನೋಡಿದರೆ ಅಲ್ಲಿ ರಕ್ತಗೆಂಪು, ತುದಿಯಲ್ಲಿ ಮಂಕು ಕಂದು. ನಡುವೆ ಗೆರೆ ಎಳೆದ ಹಾಗೆ ಬಣ್ಣ ಬದಲಾಗಿತ್ತು. ನಿಜವಾಗಿ ಹಳೆಯದಾದರೆ ಬಣ್ಣ ಬುಡದಿಂದ ತುದಿಗೆ ನಿಧಾನವಾಗಿ ಮಾಸುತ್ತಾ ಬರುತ್ತದೆ. ಹಳೆಯ ಕಾರ್ಪೆಟ್ಟಿನ ಬೆನ್ನು ನೆಲಕ್ಕೆ ಉಜ್ಜಿ ಉಜ್ಜಿ ನುಣುಪಾಗಿರುತ್ತದೆ. ನಮ್ಮದರ ಬೆನ್ನಿನಲ್ಲಿ ಇನ್ನೂ ಉಣ್ಣೆಯ ನವಿರು ಎಳೆಗಳಿದ್ದವು, ಅವನ್ನು ಬೆಂಕಿ ಹಾಯಿಸಿ ಸುಟ್ಟ ಕಪ್ಪು ಚುಕ್ಕೆಗಳೂ ಇದ್ದವು. ನಮ್ಮದರ ಸವೆತ ಮೈತುಂಬಾ ಒಂದೇ ಸಮ. ಮನೆಯೊಳಗೆ ಜನ ಹಾಗೆ ಓಡಾಡುತ್ತಾರಾ? ನನಗೆ ತುಂಬಾ ಹಿಡಿಸಿದ ಗುರುತು ಇನ್ನೊಂದಿದೆ. ಹಳೆ ಕಾಲದಲ್ಲಿ ಕಪ್ಪು-ಕಂದು ಬಣ್ಣಕ್ಕೆ ಕಬ್ಬಿಣದ ಅಂಶ ಸೇರಿಸುತ್ತಿದ್ದರು. ಕಬ್ಬಿಣ ದಶಕಗಳ ಕಾಲ ಉಣ್ಣೆಯನ್ನು ತಿನ್ನುತ್ತದೆ. ಹಾಗಾಗಿ ಕಪ್ಪು ಗೆರೆಗಳು ಮಾತ್ರ ತಗ್ಗಾಗಿ, ಕೆಂಪು ಭಾಗ ಉಬ್ಬಿದಂತೆ ಕಾಣುತ್ತದೆ. ನಮ್ಮದರಲ್ಲಿ ಎಲ್ಲವೂ ಒಂದೇ ಎತ್ತರ.

ನನಗೆ ದುಡ್ಡು ಹೋದದ್ದಕ್ಕಿಂತ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಇದು ನಮ್ಮ ನವಲಗುಂದದ ಜಮಖಾನದಂತೆ ಬರೀ ಹಾಸು-ಹೊಕ್ಕಿನ ನೇಯ್ಗೆ ಅಲ್ಲ. ಹಾಸುನೂಲಿನ ಜೋಡಿಗೆ ಒಂದೊಂದೇ ಉಣ್ಣೆ ಎಳೆ ಸುತ್ತಿ, ಎಳೆದು, ಕತ್ತರಿಸಬೇಕು. ಚದರ ಇಂಚಿಗೆ 100 ಗಂಟು ಅಂತ ಹಿಡಿದರೂ ನಮ್ಮ ಅಳತೆಗೆ 3,45,600 ಗಂಟು. ಈ ಕೆಲಸ ಹೆಚ್ಚಾಗಿ ಮಾಡುವವರು ಹೆಂಗಸರು, ಮನೆಯೊಳಗೆ ನೆಲದ ಮೇಲೆ ಹೂಡಿದ ಮಗ್ಗದಲ್ಲಿ, ತಿಂಗಳುಗಟ್ಟಲೆ. ಎಷ್ಟೋ ಕಡೆ ವ್ಯಾಪಾರಿ ಉಣ್ಣೆ ಕೊಟ್ಟು, ಅಳತೆಯ ಮೇಲೆ ಕೂಲಿ ಕೊಡುತ್ತಾನೆ. "80 ವರ್ಷ" ಅಂತ ಏರಿಸಿದ ಬೆಲೆಯಲ್ಲಿ ಅವಳಿಗೆ ಒಂದು ಕಾಸೂ ಹೋಗುವುದಿಲ್ಲ. ಹಾಗೇ ಬಿಟ್ಟಿದ್ದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತಿದ್ದ ಕಾರ್ಪೆಟ್ ಅದು. ಸುಳ್ಳು ವಯಸ್ಸಿಗಾಗಿ ಅದನ್ನು ಕೊಂದರು. ಹೊಸದು ಅಂತಲೇ ಮಾರಿದ್ದರೆ ನಾವು ಖುಷಿಯಿಂದ ತಗೊಳ್ಳುತ್ತಿದ್ದೆವು, ಅಂಥದ್ದಕ್ಕೆ ಮೂರನೇ ಒಂದು ಭಾಗದ ಬೆಲೆ ಸಾಕು ಅಂದರು ಆ ಹಿರಿಯರು.

ಅಂಗಡಿಗೆ ಹೋದೆವು. "ಆಂಟಿಕ್ ಅಂದ್ಮೇಲೆ ಒಣಗಿರುತ್ತೆ ಮೇಡಂ, ನೀವು ಮಡಚಬಾರದಿತ್ತು" ಅಂದರು. ಬಿಲ್ ತೆಗೆದು ನೋಡಿದರೆ "ಉಣ್ಣೆಯ ಕಾರ್ಪೆಟ್, ಕೈಕೆಲಸ" ಅಂತ ಮಾತ್ರ ಇದೆ. ವಯಸ್ಸಿಲ್ಲ, ದೇಶವಿಲ್ಲ. 80 ವರ್ಷ ಅಂತ ಇರುವುದು ಜೊತೆಗೆ ಕೊಟ್ಟ ಬಣ್ಣದ "ಸರ್ಟಿಫಿಕೇಟ್"ನಲ್ಲಿ. ಅದರಲ್ಲಿ ಕಾರ್ಪೆಟ್ಟಿನ ಫೋಟೋ ಇಲ್ಲ, ಅಳತೆ ಇಲ್ಲ, ಅವರದೇ ಅಂಗಡಿಯ ಸೀಲು. ಅದು ಯಾವ ಕಾರ್ಪೆಟ್ಟಿನದ್ದು ಬೇಕಾದರೂ ಆಗಬಹುದು, ಅಲ್ವಾ? ದುಡ್ಡು ವಾಪಸ್ ಇಲ್ಲ, ಇನ್ನಷ್ಟು ಸೇರಿಸಿದರೆ ಬೇರೆಯದು ಕೊಡುತ್ತೇವೆ ಅಂದರು. ಬೇಡ ಅಂದು ಬಂದೆವು.

ಹಾಗಾಗಿ ವಯಸ್ಸು, ನೂಲು, ಬಣ್ಣ, ಎಲ್ಲಿ ನೇಯ್ದದ್ದು, ಅಳತೆ, ಇಷ್ಟನ್ನೂ ಬಿಲ್ಲಿನಲ್ಲೇ ಬರೆಸಿ. ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲಿಗೆ ಬಿಟ್ಟುಬಿಡಿ. ಕಥೆ ಕೇಳುವಾಗ ಇಸವಿಗಳನ್ನೂ ನೆನಪಿಟ್ಟುಕೊಳ್ಳಿ. ತಿಳಿಬಣ್ಣದ "ಚೋಬಿ" ಕಾರ್ಪೆಟ್ ಅಫ್ಘಾನ್ ನಿರಾಶ್ರಿತರು ಪಾಕಿಸ್ತಾನದ ಪೇಶಾವರ ಸೇರಿದ ಮೇಲೆ ಬೆಳೆದದ್ದು. ಹೆಲಿಕಾಪ್ಟರ್, ಟ್ಯಾಂಕು, ಕಲಾಶ್ನಿಕೋವ್ ಇರುವ ಯುದ್ಧದ ಕಾರ್ಪೆಟ್‌ಗಳು 1979ರಲ್ಲಿ ಸೋವಿಯತ್ ಸೇನೆ ನುಗ್ಗಿದ ಮೇಲಿನವು. ಇವಕ್ಕೂ ನೂರು ವರ್ಷದ ಕಥೆ ಕಟ್ಟುವವರಿದ್ದಾರೆ. ಇನ್ನೊಂದು, ಅಫ್ಘಾನ್ ಕಾರ್ಪೆಟ್ ಎಷ್ಟೋ ಸಲ ಪಾಕಿಸ್ತಾನದಲ್ಲಿ ತೊಳೆದು, ಎಳೆಗಳನ್ನು ಸಮನಾಗಿ ಕತ್ತರಿಸಿ ಅಲ್ಲಿಂದ ರಫ್ತಾಗಿರುತ್ತದೆ. ಪಾಕಿಸ್ತಾನದ ಲೇಬಲ್ ಕಂಡ ಮಾತ್ರಕ್ಕೆ ನಕಲಿ ಅನ್ನಬೇಡಿ.

ಈಗಾಗಲೇ ಇಂಥದ್ದು ಮನೆಯಲ್ಲಿದ್ದರೆ ಮಡಚಬೇಡಿ, ಸುರುಳಿ ಸುತ್ತಿ. ಕೋಲಿನಿಂದ ಬಡಿಯಬೇಡಿ. ವ್ಯಾಕ್ಯೂಮಿನ ತಿರುಗುವ ಬ್ರಷ್ ತೆಗೆದುಬಿಡಿ. ಒಂದು ಮೂಲೆಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸಿ ನೋಡಿ. ಚಟ್ ಅಂತ ಸದ್ದು ಬಂದರೆ ಹಾಸುನೂಲು ಸತ್ತಿದೆ ಅಂತ ಅರ್ಥ. ಅದನ್ನು ನೀರಿಗೆ ಹಾಕುವ ಮೊದಲು ರಿಪೇರಿ ಮಾಡುವವರಿಗೆ ತೋರಿಸಿ.