ನಾಲ್ಕು ದೀಪದ ರಿಯಾಕ್ಷನ್ ಲೈಟ್: ತಗೋಬಹುದಾ?

ಶಟಲ್ ಆಡುವಾಗ ಸ್ಮ್ಯಾಶ್ ಬಂದರೆ ನನ್ನ ರಾಕೆಟ್ ಏಳೋದೇ ತಡ. ವಯಸ್ಸು ನಲವತ್ತೆರಡು, ಇನ್ನೇನು! ಆನ್‌ಲೈನಲ್ಲಿ 2,400 ರೂಪಾಯಿ ಕೊಟ್ಟು ಈ ಸೆಟ್ ತರಿಸಿದೆ. ಹೊತ್ತಿದ ದೀಪವನ್ನು ತಟ್ಟಬೇಕು, ಎಷ್ಟು ಮಿಲಿಸೆಕೆಂಡ್ ಅಂತ ಮೊಬೈಲಲ್ಲಿ ಬರುತ್ತದೆ.

ಕೌಲ್ ಬಜಾರಿನ ನಮ್ಮ ಮಾಳಿಗೆ ಮೇಲೆ ಹರಡಿದೆ. ಬಳ್ಳಾರಿ ಬಿಸಿಲಲ್ಲಿ ದೀಪ ಹೊತ್ತಿದ್ದೇ ಕಾಣಲಿಲ್ಲ. ಸಂಜೆ ಏಳರ ಮೇಲೇ ಇದರ ಆಟ.

ಮೊದಲು 480 ಬಂತು. ಎದೆ ಧಸಕ್ ಅಂತು. ಕಂಡಿದ್ದಕ್ಕೆ ಬೆರಳು ಒತ್ತಲು ಜನರಿಗೆ ಸಾಮಾನ್ಯವಾಗಿ 200ರಿಂದ 250 ಸಾಕು, ಅಲ್ವಾ? ಮಗಳ ಕೈಗೆ ಸ್ಕೇಲ್ ಕೊಟ್ಟು, 'ಹೇಳದೆ ಬಿಡು ಪುಟ್ಟಿ' ಅಂದೆ. 20 ಸೆಂಟಿಮೀಟರ್ ಬೀಳುವಷ್ಟರಲ್ಲಿ ಹಿಡಿದೆ. ಬೀಳುವ ವೇಗದ ಲೆಕ್ಕದಲ್ಲಿ ಅದು ಸುಮಾರು 200 ಮಿಲಿಸೆಕೆಂಡ್. ಅಂದರೆ ಕಣ್ಣು ಚೆನ್ನಾಗೇ ಇದೆ. ಕೈ ಚಾಚುವ ಹೊತ್ತನ್ನೂ ಈ ಯಂತ್ರ ಸೇರಿಸಿ ತೋರಿಸುತ್ತದೆ. ಡಬ್ಬಿ ಮೇಲೆ ಅದನ್ನು ಬರೆದಿಲ್ಲ.

ಇನ್ನೊಂದು. ದೀಪದ ಜೊತೆ ಬೀಪ್ ಬರುತ್ತದೆ. ಸದ್ದಿಗೆ ನಾವು ಬೆಳಕಿಗಿಂತ ಬೇಗ ಸ್ಪಂದಿಸುತ್ತೇವೆ. ಕಣ್ಣಿನ ಅಭ್ಯಾಸ ಬೇಕಂದರೆ ಬೀಪ್ ಆಫ್ ಮಾಡಿ.

ಎರಡು ವಾರಕ್ಕೆ 420ಕ್ಕೆ ಇಳಿದೆ. ಖುಷಿಪಟ್ಟೆ. ಆಮೇಲೆ ಮಗಳು ಪತ್ತೆ ಮಾಡಿದಳು: ದೀಪ ಹೊತ್ತುವ ಸರದಿ ಹನ್ನೆರಡಕ್ಕೊಮ್ಮೆ ಅದೇ ಬರುತ್ತದೆ! ನಾನು ಸುಮ್ನೆ ಬಾಯಿಪಾಠ ಮಾಡಿದ್ದೆ.

ಐದಕ್ಕೆ ಎರಡೂವರೆ ಸ್ಟಾರ್. ಚಾರ್ಜ್ ಮಾತ್ರ ನಾಲ್ಕು ದಿನ ನಿಲ್ಲುತ್ತದೆ.